ತಲೆ ಬಾರ್ಕೂರಿನಲ್ಲಿ, ಕಾಲು ಬಿಜೂರಿನಲ್ಲಿ

ಬಿಜೂರಿನ ನನ್ನ ಹಳೇ ಮನೆಯೊಡತಿ ತೀರಿಕೊಂಡ ಸುದ್ದಿ ಬಂದಾಗ ನಾನು ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದೆ ಎಂದು ಬರೆಯುವ ಆಸೆಯಾಗುತ್ತದೆ. ಹಾಗೆ ಬರೆದರೆ ಚಂದ. ಆದರೆ ಆ ಹೊತ್ತಿಗೆ ನಾನು ಬ್ರಹ್ಮಾವರದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದೆ. ಬಿಜೂರಿನಿಂದ ಗಿರಿಜಕ್ಕ ಫೋನು ಮಾಡಿದ್ದಳು. "ಮಾಷ್ಟ್ರೆ, ಅಕ್ಕ ಹೋಯ್ಬಿಟ್ರ್" ಎಂದಳು.

"ಬಾರ್ಕೂರಿಗಾ?" ಎಂದು ಕೇಳಿದೆ.

ಅವರು ಹೋದರು ಎಂದರೆ ಬಾರ್ಕೂರಿಗೆ ಎಂದೇ ಅಷ್ಟು ವರ್ಷಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಕಡೆ ಗಿರಿಜಕ್ಕ ಅಳುತ್ತಾ ಇದ್ದವಳು ಫಕ್ಕನೆ ನಕ್ಕುಬಿಟ್ಟಳು. "ಅಲ್ಲ ಮಾರಾಯ್ರೆ, ಈ ಸಲ ಅಲ್ಲಿಗಲ್ಲ" ಎಂದಳು. ನಾನು ಬಂಗುಡೆ ಕೊಂಡೆ.

ಮುಖವನ್ನು ನೆನಪಿಸಿಕೊಳ್ಳಲು ಹೋದರೆ ಮೊದಲು ಅವರ ಪಾದ ಬರುತ್ತದೆ. ಹೊಲಿಗೆ ಮಿಷನ್ನಿನ ಕಬ್ಬಿಣದ ಸ್ಟ್ಯಾಂಡಿನ ಕೆಳಗೆ ತುಳಿಯುವ ಪೆಡಲಿನ ಮೇಲೆ ಎರಡು ಪಾದಗಳು, ಹಿಮ್ಮಡಿ ಏರುತ್ತಾ ಬೆರಳು ಇಳಿಯುತ್ತಾ. ಪಕ್ಕದಲ್ಲಿ ದೊಡ್ಡ ಚಕ್ರ ಗಿರಗಿರ ತಿರುಗುತ್ತಿದೆ. ಮೇಲೆ ಮಿಷನ್ನಿಲ್ಲ. ಮಿಷನ್ನು ಇರಬೇಕಾದ ತೂತಿಗೆ ಒಂದು ಹಲಗೆ ಮುಚ್ಚಿ, ಅದರ ಮೇಲೆ ಬಟ್ಟೆ ಹರಡಿ, ಅವರು ಕೈಯಲ್ಲೇ ಹೊಲಿಯುತ್ತಿದ್ದಾರೆ. ಕೈ ಒಂದು ಹೊಲಿಗೆಯ ಟಾಕಿ ಹಾಕುವಷ್ಟರಲ್ಲಿ ಕಾಲು ಇಪ್ಪತ್ತು ಸಲ ತುಳಿದಿರುತ್ತದೆ.

ನಾನು ಬಿಜೂರಿನ ಹೈಸ್ಕೂಲಿಗೆ ಮಾಸ್ತರನಾಗಿ ಹೋದದ್ದು ತೊಂಬತ್ತೇಳರಲ್ಲಿ. ಅವರ ಮನೆಯ ಹೊರಗಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ಟ್ರಂಕು ಇಳಿಸುವಾಗ ಜಗಲಿಯಲ್ಲಿ ಈ ದೃಶ್ಯ ಕಂಡಿತು. ಏನು ಕೇಳಬೇಕೆಂದು ಹೊಳೆಯದೆ, "ಅಮ್ಮ, ಮಿಷನ್ನಿನ ತಲೆ ಎಲ್ಲಿ?" ಎಂದೆ.

"ಬಾರ್ಕೂರಂಗಿತ್ತ್" ಎಂದರು, ಕತ್ತೆತ್ತದೆ.

"ರಿಪೇರಿಗಾ?"

"ತಲಿ ಸರಿ ಇತ್ತ್. ಅದನ್ನ್ ಇಟ್ಕಂಡವ್ಳ್ ತಲಿ ರಿಪೇರಿ ಆಯ್ಕ್."

ಇಟ್ಟುಕೊಂಡವಳು ಅವರ ತಂಗಿ. ಬಾರ್ಕೂರಿನ ತಾಯಿಮನೆಯಲ್ಲಿ ಅವರ ಅಬ್ಬಿ, ಅಂದರೆ ತಾಯಿ, ತೀರಿಕೊಂಡ ಮೇಲೆ ಪಾತ್ರೆ, ಸೀರೆ, ಚಿನ್ನ ಎಲ್ಲ ಎರಡು ಪಾಲಾಯಿತು. ಉಳಿದದ್ದು ತಾಯಿಯ ಕಾಲು ಮಿಷನ್ನು. ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಮೂರು ಕಥೆಗಳಿವೆ, ಮೂರನ್ನೂ ಕಣ್ಣಾರೆ ಕಂಡವರೇ ಹೇಳಿದ್ದು. ಅಕ್ಕನೇ ಹೇಳಿದ ಪ್ರಕಾರ ಇವರು "ನಿಂಗಿರ್ಲಿ" ಎಂದರು, ತಂಗಿ "ಬೇಡ, ನಿಂಗೇ ಇರ್ಲಿ" ಎಂದಳು, ಹೀಗೆ ಒಬ್ಬರಿಗಿಂತ ಒಬ್ಬರು ಒಳ್ಳೆಯವರಾಗಲು ಹೋಗಿ ಜಗಳ ಹತ್ತಿತು. ಅವರ ಯಜಮಾನರ ಪ್ರಕಾರ ಇಬ್ಬರೂ ಮೊದಲ ಮಾತಿಗೇ "ನಂಗ್ ಬೇಕ್" ಎಂದಿದ್ದರು. ತಂಗಿ ನನಗೆ ಬಾರ್ಕೂರಿನಲ್ಲಿ ಹೇಳಿದ ಪ್ರಕಾರ ಅಕ್ಕ ಎಂದದ್ದು ಒಂದೇ ಮಾತು: "ನಿಂಗ್ ಹೊಲುಕ್ ಎಲ್ಲಿ ಬತ್ತ್?"

ಮೂರೂ ಕಥೆ ಸೇರುವುದು ಕೊನೆಯಲ್ಲಿ ಮಾತ್ರ. ಪಾಲು ಮಾಡಲು ಕೂತಿದ್ದ ಸೋದರಮಾವ ಬೇಸತ್ತು ಎದ್ದು, ಪಾನಾ ತರಿಸಿ, ಮಿಷನ್ನಿನ ತಿರುಪು ಬಿಚ್ಚಿ, "ತಲಿ ಸಣ್ಣವ್ಳಿಗೆ, ಕಾಲ್ ದೊಡ್ಡವ್ಳಿಗೆ. ಹೋಯ್ನಿ!" ಎಂದ. ನಾಲ್ಕು ದಿನದಲ್ಲಿ ಬುದ್ಧಿ ಬಂದು ಜೋಡಿಸಿಕೊಳ್ಳುತ್ತಾರೆ ಎಂದು ಅವನ ಎಣಿಕೆ. ಇವರು ಬಸ್ಸಿನ ಟಾಪಿನ ಮೇಲೆ ಕಬ್ಬಿಣದ ಸ್ಟ್ಯಾಂಡು ಹೇರಿಕೊಂಡು ಬಿಜೂರಿಗೆ ಬಂದರು. ಸ್ಟ್ಯಾಂಡು ಕೇಳಿಕೊಂಡು ತಂಗಿ ಬರುತ್ತಾಳೆ ಎಂದು ಇವರು, ತಲೆ ಕೇಳಿಕೊಂಡು ಅಕ್ಕ ಬರುತ್ತಾಳೆ ಎಂದು ಅವಳು. ನಾನು ಬಿಜೂರಿಗೆ ಬರುವ ಹೊತ್ತಿಗೆ ಹತ್ತು ವರ್ಷ ದಾಟಿತ್ತು.

ಹೊಸ ಮಿಷನ್ನು ತರೋಣ ಎಂದು ಯಜಮಾನರು ಹೇಳಿ ಹೇಳಿ ಸೋತಿದ್ದರು. ಮುಂಬೈಯ ಹೋಟೆಲಿನಲ್ಲಿ ಇಪ್ಪತ್ತೈದು ವರ್ಷ ದುಡಿದು ಊರಿಗೆ ಮರಳಿ, ಈಗ ತೆಂಗಿನ ಬುಡಕ್ಕೆ ನೀರು ಬಿಟ್ಟು ರೇಡಿಯೋ ಕೇಳುತ್ತಿದ್ದ ಶಾಂತ ಮನುಷ್ಯ. ಅವರಿಗೆ ಸಿಕ್ಕ ಉತ್ತರ ಯಾವಾಗಲೂ ಒಂದೇ: "ಹೊಸ್ತ್ ತಂದ್ರೆ ಅವ್ಳ್ ಗೆದ್ದಾಂಗೆ."

ಹೀಗೆ ಮಿಷನ್ನಿಲ್ಲದ ಹಟದಿಂದ ಹುಟ್ಟಿದ್ದು ಅವರ ಕೈಹೊಲಿಗೆ. ಘಟ್ಟದ ಮೇಲಿನವರು ಕೌದಿ ಎನ್ನುವುದನ್ನು ಅವರು ಮುಂಬೈ ಬಾಯಿಯಲ್ಲಿ ಗೋಧಡಿ ಎನ್ನುತ್ತಿದ್ದರು. ತಾವೂ ಅಲ್ಲಿದ್ದಾಗ ಚಾಳಿನ ಪಕ್ಕದ ಮನೆಯವಳು ಕಲಿಸಿದ್ದಂತೆ. ದೊಡ್ಡ ಗೋಧಡಿಗಳು ಅಪರೂಪ. ಹೆಚ್ಚಿನವು ಸಣ್ಣ ಪುಟ್ಟವು: ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ, ಮಿಕ್ಸಿಗೆ ಮುಸುಕು, ಕುರ್ಚಿಗೆ ಹಾಸು, ಕನ್ನಡಕಕ್ಕೆ ಚೀಲ. ಯಜಮಾನರ ರೇಡಿಯೋಕ್ಕೂ ಒಂದು ಅಂಗಿ ಇತ್ತು, ಕಿವಿ ಹಿಂಡಲು ಎರಡು ತೂತು ಬಿಟ್ಟು. ಬಟ್ಟೆ ಎಲ್ಲಿಂದಾದರೂ ಬರುತ್ತಿತ್ತು. ಹೋಟೆಲಿನ ಹಳೇ ಮೇಜುಬಟ್ಟೆ, ಹರಿದ ಲುಂಗಿ, ಶಾಲೆ ಬಿಟ್ಟ ಹುಡುಗಿಯರ ನೀಲಿ ಲಂಗ, ಮುರಿದ ಕೊಡೆಯ ಕರಿ ಬಟ್ಟೆ.

ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಹೊಲಿಗೆಯ ಕೂಟ. ಗಿರಿಜಕ್ಕ ಬೆಳಿಗ್ಗೆ ಮೀನು ಮಾರಿ ಮುಗಿಸಿ, ಮಿಂದು, ತಲೆಗೆ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದಳು. ನನ್ನನ್ನು ಮೊದಲು ಕರೆದದ್ದು ಸೂಜಿಗೆ ದಾರ ಪೋಣಿಸಲು, ಕಣ್ಣು ಚುರುಕಾಗಿದೆ ಎಂದು. ಎರಡು ವಾರದಲ್ಲಿ ಕೈಗೆ ಬಟ್ಟೆಯೂ ಬಂತು. ನನ್ನ ಮೊದಲ ಸಾಲನ್ನು ಗಿರಿಜಕ್ಕ ಎತ್ತಿ ಬೆಳಕಿಗೆ ಹಿಡಿದಳು.

"ಹ್ವಾಯ್ ಮಾಷ್ಟ್ರೆ, ಇದ್ ಹೊಲ್ಗಿಯಾ, ಕಡ್ಲ್ ಹೊಯ್ಗಿ ಮೇಲೆ ಏಡಿ ಹೋದ್ ಗುರ್ತಾ?"

"ಸುಮ್ನಿರೇ" ಎಂದರು ಅವರು. "ಏಡಿಗಾರೂ ಎಲ್ಲಿಗ್ ಹೋಪುದ್ ಅಂತ ಗೊತ್ತಿರತ್ತ್."

ಕೂಟಕ್ಕೆ ಒಂದು ನಿಯಮ ಇತ್ತು. ತಾನು ತಂದ ಬಟ್ಟೆಯನ್ನು ತಾನೇ ಹೊಲಿಯುವಂತಿಲ್ಲ. ನಾನು ತಂದದ್ದು ಗಿರಿಜಕ್ಕನಿಗೆ, ಅವಳದ್ದು ಅವರಿಗೆ, ಅವರದ್ದು ನನಗೆ. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮದನ್ನ್ ನಾವೇ ಹಿಡ್ಕಂಡ್ರೆ ಕೈ ಓಡುದಿಲ್ಲ. ಆ ಸೀರಿ ಉಟ್ಟ ದಿನ ಹಾಂಗಾಯ್ತ್, ಹೀಂಗಾಯ್ತ್ ಅಂತ ಕಥಿ ಹೇಳ್ತಾ ಕೂಕಂಬುದೇ ಕೆಲ್ಸ ಆತ್ತ್" ಎಂದರು. ನಾನು ಒಮ್ಮೆ ಒಂದು ಸಂದರ್ಶನಕ್ಕೆ ಹಾಕಿಕೊಂಡು ಹೋಗಿದ್ದ ಗೀರು ಅಂಗಿ ಕೊಟ್ಟೆ, ಆ ಕೆಲಸ ಸಿಕ್ಕಿರಲಿಲ್ಲ ಎಂಬ ಕಥೆಯ ಸಮೇತ. ಗಿರಿಜಕ್ಕ ಅದಕ್ಕೆ ಕತ್ತರಿ ಹಾಕುತ್ತಾ, "ಈ ಅಂಗಿ ಹಾಕಂಡ್ ಬಂದಿದ್ರೆ ನನ್ನ ಮೀನ್ ಬುಟ್ಟಿ ಹೊರುಕೂ ಕರೀತಿರ್ಲಿಲ್ಲ" ಎಂದಳು. ಅದೆಷ್ಟೋ ದಿನದಿಂದ ನನ್ನನ್ನು ಕೊರೆಯುತ್ತಿದ್ದ ಅಂಗಿ ಹತ್ತು ನಿಮಿಷದಲ್ಲಿ ಒಂಬತ್ತು ಚೌಕವಾಯಿತು.

ಆ ಕೂಟದಲ್ಲಿ ಹೊಲಿದ ಒಂದು ಗಾದಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಬೈಂದೂರಿನಿಂದ ಉಡುಪಿಗೆ ಹೋಗುವ ಒಂದು ಖಾಸಗಿ ಬಸ್ಸಿನ ಡ್ರೈವರ್, ಸೀಟಿನ ಸ್ಪ್ರಿಂಗು ಚುಚ್ಚುತ್ತದೆ ಎಂದು ಬಿಜೂರಿನ ಸ್ಟಾಪಿನಲ್ಲಿ ದಿನಾ ಗೊಣಗುತ್ತಿದ್ದ. ಅವರು ಕೊಡೆಯ ಬಟ್ಟೆ, ಹಳೇ ಪ್ಯಾಂಟು ಸೇರಿಸಿ ಅವನಿಗೆ ಚೌಕ ಚೌಕದ ಗಾದಿಯೊಂದನ್ನು ಹೊಲಿದುಕೊಟ್ಟರು. ಅಂದಿನಿಂದ ಆ ಬಸ್ಸು ಸ್ಟಾಪು ಬಿಟ್ಟು ಅವರ ಮನೆಯ ಎದುರೇ ನಿಲ್ಲುತ್ತಿತ್ತು. ವರ್ಷ ಕಳೆದು ಗಾದಿ ಚಪ್ಪಟೆಯಾದಾಗ ಅವನು ಕಿಟಕಿಯಿಂದ ಬಾಗಿ, "ಅಮ್ಮ, ಹೊಸ್ತೊಂದ್ ಯಾವಾಗ?" ಎಂದು ಕೇಳುವುದು, ಇವರು "ಬಪ್ಪ ತಿಂಗ್ಳ್" ಎನ್ನುವುದು ವಾಡಿಕೆಯಾಗಿತ್ತು.

ನನ್ನ ಮನೆ ಬ್ರಹ್ಮಾವರ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅದೇ ಬಸ್ಸು ಹತ್ತಿ ಊರಿಗೆ ಹೋಗಿ ಭಾನುವಾರ ಬೆಳಿಗ್ಗೆ ಹಿಂತಿರುಗುತ್ತಿದ್ದೆ. ಬ್ರಹ್ಮಾವರದಿಂದ ಬಾರ್ಕೂರು ನಾಲ್ಕು ಹೆಜ್ಜೆ. ಎರಡು ವರ್ಷ ಅವರು ಇದು ಗೊತ್ತೇ ಇಲ್ಲದವರಂತೆ ಇದ್ದರು. ಒಂದು ಭಾನುವಾರ ಗಿರಿಜಕ್ಕ ಸುದ್ದಿ ತಂದಳು: ಬಾರ್ಕೂರಿನ ತಂಗಿಯ ಮಗಳು ತುಂಬಿದ ಬಸುರಿ, ಹೆರಿಗೆಗೆ ತಾಯಿಮನೆಗೆ ಬಂದಿದ್ದಾಳೆ. ಅವರ ಕಾಲಡಿಯ ಚಕ್ರ ಜೋರಾಯಿತು. ಎಷ್ಟು ಜೋರೆಂದರೆ ಒಳಗಿನಿಂದ ಯಜಮಾನರು, "ಎಂತ, ಹಾರಿ ಹೋಪುಕ್ ಹೊರ್ಟ್ಯಾ?" ಎಂದು ಕೇಳಿದರು.

ಮುಂದಿನ ವಾರ ಟ್ರಂಕಿನಿಂದ ತಾಯಿಯ ಎರಡು ನೂಲಿನ ಸೀರೆ ಹೊರಬಂದವು. ನಮ್ಮ ಕಡೆ ಚೊಚ್ಚಲ ಮಗುವಿನ ತೊಟ್ಟಿಲಿಗೆ ಹೊಸ ಬಟ್ಟೆ ಹಾಸುವುದಿಲ್ಲ. ಹಿರಿಯರು ಉಟ್ಟು, ಒಗೆದು ಒಗೆದು ಮೆತ್ತಗಾದದ್ದೇ ಆಗಬೇಕು. ತಾಯಿಯ ಸೀರೆಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ. ಅವರು ತಮ್ಮ ಪಾಲಿನದರಿಂದ ಗೋಧಡಿಯ ಅರ್ಧ ಹೊಲಿದು, ಉಳಿದರ್ಧ ಖಾಲಿ ಬಿಟ್ಟು, ಮಡಚಿ ನನ್ನ ಚೀಲಕ್ಕೆ ತುರುಕಿದರು. ಅವರ ಮನಸ್ಸಿನಲ್ಲಿದ್ದದ್ದು ನನಗೂ ಗಿರಿಜಕ್ಕನಿಗೂ ಚೆನ್ನಾಗಿ ಗೊತ್ತಿತ್ತು. ತೊಟ್ಟಿಲಿಗೆ ಹಾಕುವ ದಿನ ಅವರಿಗೆ ಬಾರ್ಕೂರಿಗೆ ಹೋಗಬೇಕಿತ್ತು. ಕರೆಯದೆ ಹೋಗುವಂತಿಲ್ಲ, ಕರೆ ಎಂದು ಕೇಳುವಂತಿಲ್ಲ. ಅರ್ಧ ಗೋಧಡಿ ಹೋದರೆ ತಂಗಿ ಕರೆಯದೆ ಎಲ್ಲಿಗೆ ಹೋಗುತ್ತಾಳೆ?

ಬಾರ್ಕೂರಿನ ತಂಗಿ ನೋಡಲು ಥೇಟು ಅಕ್ಕನ ಹಾಗೆ, ಎರಡು ಇಂಚು ಗಿಡ್ಡ. ಗೋಧಡಿಯನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ಮೂಸಿದರು. ಆಮೇಲೆ ಅಂಚಿನ ಹೊಲಿಗೆ ನೋಡಿ ಮೂಗು ಮುರಿದರು. ಅವರ ಒಳಕೋಣೆಯಲ್ಲಿ ಮೇಜಿನ ಮೇಲೆ ಮಿಷನ್ನಿನ ತಲೆ ಬಿಳಿ ಬಟ್ಟೆ ಹೊದ್ದು ಕೂತಿತ್ತು. ಪ್ರತಿ ಶುಕ್ರವಾರ ಎಣ್ಣೆ ಬಿಡುತ್ತಾರಂತೆ.

ಮುಂದಿನ ಶನಿವಾರ ಗೋಧಡಿ ವಾಪಸು ಸಿಕ್ಕಿತು, ಉಳಿದರ್ಧ ತುಂಬಿ. ಬಿಜೂರಿನ ಜಗಲಿಯಲ್ಲಿ ಬಿಡಿಸಿದಾಗ ಇವರು ಕಿರುಚಿದ್ದು ಗದ್ದೆಯಾಚೆಗೂ ಕೇಳಿರಬೇಕು. "ನನ್ನ ಸಾಲ್ ಬಿಚ್ಚಿದ್ಲ್! ಕಾಣಿ, ಕಾಣಿ, ನಾಲ್ಕ್ ಸಾಲ್ ಬಿಚ್ಚಿ ಅವ್ಳೇ ಹೊಲ್ದಿದ್ಲ್!" ಆ ರಾತ್ರಿಯೇ ತಂಗಿಯ ನಾಲ್ಕು ಸಾಲು ಬಿಚ್ಚಲಾಯಿತು. ಮರುವಾರ ಅಲ್ಲಿ ಆರು ಸಾಲು ಬಿಚ್ಚಿದವು. ಹೀಗೆ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಗೋಧಡಿ ಮುಗಿಯಲೇ ಇಲ್ಲ. ನಾನು ಸಾಲು ಎಣಿಸುತ್ತಿದ್ದೆ: ಹದಿನೇಳು ಹೋಗಿ ಹದಿನೇಳು ಬರುತ್ತಿತ್ತು. ಅತ್ತ ಹುಡುಗಿಗೆ ದಿನ ಹತ್ತಿರವಾಗುತ್ತಿತ್ತು.

ದ್ವೇಷವೇ? ನನಗೆ ಹಾಗೆ ಕಾಣಲಿಲ್ಲ. ಅಕ್ಕ ಬಲಗೈಯವರು, ತಂಗಿ ಎಡಗೈಯವರು. ಒಬ್ಬರ ಟಾಕಿ ಈ ಕಡೆ ವಾಲಿದರೆ ಇನ್ನೊಬ್ಬರದು ಆ ಕಡೆ. ಒಬ್ಬರ ಕಣ್ಣಿಗೆ ಇನ್ನೊಬ್ಬರದು ತಪ್ಪು. ಇಬ್ಬರೂ ತಾಯಿಯ ಸೀರೆಯನ್ನು ಸೊಟ್ಟ ಹೊಲಿಗೆಯಿಂದ ಕಾಪಾಡುತ್ತಿದ್ದರು.

ಗೋಧಡಿಯ ಜೊತೆ ಮಾತೂ ಹೋಗುತ್ತಿತ್ತು, ನನ್ನ ಬಾಯಿಯಲ್ಲಿ. ಇಲ್ಲಿ ನಾನು ಒಂದು ತಪ್ಪು ಮಾಡಿದೆ, ಮಾಡುವಾಗ ಅದು ಜಾಣತನವೆಂದೇ ಅನಿಸಿತ್ತು. ಅಕ್ಕ, "ಅಬ್ಬಿ ಹೇಳ್ಕೊಟ್ಟ ಹೊಲ್ಗಿ ಹೀಂಗಾ ಅಂತ ಕೇಣಿ ಅವ್ಳತ್ರ" ಎಂದರು. ನಾನು ಬಾರ್ಕೂರಿನಲ್ಲಿ, "ನಿಮ್ಮ ಹೊಲಿಗೆ ನೋಡಿ ಅಕ್ಕನಿಗೆ ಅಮ್ಮನ ನೆನಪಾಯಿತಂತೆ" ಎಂದೆ. ತಂಗಿ, "ನಮ್ಮಕ್ಕಂಗೆ ಕಣ್ಣ್ ಕಾಂತಿಲ್ಯಾ ಅಂತ ಕೇಣಿ" ಎಂದರು. ನಾನು ಬಿಜೂರಿನಲ್ಲಿ, "ತಂಗಿ ನಿಮ್ಮ ಕಣ್ಣು ಹೇಗಿದೆ ಎಂದು ವಿಚಾರಿಸಿದರು" ಎಂದೆ. ಪೂರ್ತಿ ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಹಾಂಗಂದ್ಲಾ?" ಎಂದು ಕೇಳಿ, ಮತ್ತೆ ತುಳಿಯತೊಡಗುತ್ತಿದ್ದರು.

ಹೆರಿಗೆ ಆಯಿತು. ಹೆಣ್ಣು ಮಗು. ತೊಟ್ಟಿಲಿಗೆ ಹಾಕಲು ವಾರ ಉಳಿದಿದ್ದಾಗ, ಆ ಶನಿವಾರ, ನಾನು ಗೋಧಡಿಯನ್ನು ಬಸ್ಸಿನಲ್ಲೇ ಮರೆತು ಬ್ರಹ್ಮಾವರದಲ್ಲಿ ಇಳಿದುಬಿಟ್ಟೆ.

ಮಳೆ ಜೋರಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಅದು ನೆಪ. ಮಳೆ ಇತ್ತೋ ಇಲ್ಲವೋ ನೆನಪಿಲ್ಲ. ಕೈ ಬೀಸಿಕೊಂಡು ಬಾರ್ಕೂರಿನ ಅಂಗಳದಲ್ಲಿ ನಿಂತದ್ದು ನೆನಪಿದೆ. ತಂಗಿ ಬೈಯಲಿಲ್ಲ, ಮಿಷನ್ನಿನ ತಲೆಯ ಕಡೆ ತಿರುಗಿ ಕೂತುಬಿಟ್ಟರು. ಭಾನುವಾರ ಬಿಜೂರಿನಲ್ಲಿ ಹೇಳಿದಾಗ ಅವರೂ ಬೈಯಲಿಲ್ಲ. ಚಕ್ರ ನಿಂತಿತು. ಅದು ನಿಂತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಿರಿಜಕ್ಕ ಕೂಡ ಆ ದಿನ ನನ್ನನ್ನು ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಏಡಿಯ ಗುರುತೇ ವಾಸಿಯಿತ್ತು.

ಸೋಮವಾರ ನಾನು ರಜೆ ಹಾಕಿದೆ. ಬೆಳಿಗ್ಗೆ ಮನೆಯೆದುರು ಕಾದರೆ ಆ ಬಸ್ಸು ಬರಲಿಲ್ಲ. ಇನ್ನೊಂದು ಬಸ್ಸಿನ ಕಂಡಕ್ಟರ್ ಹೇಳಿದ: ಅದು ನಿನ್ನೆಯಿಂದ ಮದುವೆ ದಿಬ್ಬಣಕ್ಕೆ ಬಾಡಿಗೆ ಹೋಗಿದೆ, ಮಧ್ಯಾಹ್ನ ಕುಂದಾಪುರ ಸ್ಟ್ಯಾಂಡಿಗೆ ಬರುತ್ತದೆ. "ಹೋಪ" ಎಂದರು ಜೊತೆಗೆ ನಿಂತಿದ್ದ ಅಕ್ಕ. ಕುಂದಾಪುರದ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಕೂತರು. ನಾನು ನೀರು ತರಲು ಎದ್ದೆ. ಕಂಬದ ಆ ಕಡೆ, ಅದೇ ಕಂಬಕ್ಕೆ ಬೆನ್ನು ಕೊಟ್ಟು ಬಾರ್ಕೂರಿನ ತಂಗಿ ಕೂತಿದ್ದರು. ಬ್ರಹ್ಮಾವರದಲ್ಲಿ ಅವರಿಗೂ ಯಾರೋ ಅದೇ ದಿಬ್ಬಣದ ಸುದ್ದಿ ಹೇಳಿದ್ದರು. ಇಬ್ಬರ ನಡುವೆ ಒಂದು ಕಂಬ. ನಾನು ನೀರಿನ ಬಾಟ್ಲಿ ಹಿಡಿದು ದೂರವೇ ನಿಂತೆ. ನನ್ನ ಸಿಹಿ ಮಾತುಗಳೆಲ್ಲ ಈಗ ಹೊರಬೀಳುತ್ತವೆ ಎಂದು ಗೊತ್ತಿತ್ತು.

ಬಸ್ಸು ಬಂತು. ಇಬ್ಬರೂ ಕಂಬದ ಎರಡು ಬದಿಯಿಂದ ಎದ್ದು ಡ್ರೈವರನ ಬಾಗಿಲಿಗೆ ಓಡಿದರು. ಅವನು ಇವರನ್ನು ಕಂಡು ಹಲ್ಲು ಕಿಸಿದು ಕೆಳಗಿಳಿದ. ಸೀಟಿನ ಮೇಲೆ, ಚಪ್ಪಟೆಯಾದ ಹಳೇ ಗಾದಿಯ ಮೇಲೆ, ನಾಲ್ಕು ಮಡಿಕೆ ಮಾಡಿದ ತೊಟ್ಟಿಲ ಗೋಧಡಿ.

"ಭಾರೀ ಉಪ್ಕಾರ ಅಮ್ಮ" ಎಂದ ಅವನು. "ಬಪ್ಪ ತಿಂಗ್ಳ್ ಅಂದಿದ್ರಿ, ಈ ತಿಂಗ್ಳೇ ಕಳ್ಸಿದ್ರಿ. ಕ್ಲೀನರ್ ಕಂಡ ಕೂಡ್ಲೇ ಹೇಳ್ದ, ಇದ್ ಬಿಜೂರಮ್ಮನ ಕೈ ಅಂತ. ಎಷ್ಟ್ ಮೆತ್ತಗಿತ್ತ್ ಗೊತ್ತಾ!"

"ಮಗು ಮಲ್ಗುದ್ರ ಮೇಲೆ ಕೂಕಂಡ್ಯಾ?" ತಂಗಿ ಕೂಗಿದರು.

"ಅವ್ನಿಗ್ ಬೈಬೇಡ" ಎಂದರು ಅಕ್ಕ. "ಅವ್ನಿಗೆಂತ ಗೊತ್ತ್?"

ಇಷ್ಟು ವರ್ಷದ ಮೇಲೆ ಅಕ್ಕ ತಂಗಿಗೆ ಆಡಿದ ಮೊದಲ ಮಾತು ಇದು, ಒಬ್ಬ ಡ್ರೈವರನ ಪರವಾಗಿ. ತಂಗಿ ತಿರುಗಿ ನೋಡಿದರು. ಒಂದು ಉಸಿರು ಎಳೆದುಕೊಂಡರು.

"ನೀ ಸುಮ್ನಿರಕ್ಕ. ನಿನ್ ಹೊಲ್ಗಿ ಗುರ್ತ ಹಿಡ್ದೇ ಅವ ಕೂಕಂಡದ್ದ್. ನನ್ ಹೊಲ್ಗಿ ಆಗಿದ್ರೆ ಕೂಕಂತಿದ್ನಾ?"

"ನಿನ್ ಹೊಲ್ಗಿ ಆಗಿದ್ರೆ ಚುಚ್ಚಿ ಎದ್ದ್ ಓಡ್ತಿದ್ದ. ನನ್ನ ಸಾಲ್ ಎಂತಕ್ ಬಿಚ್ಚಿದ್ದ್?"

"ನೀ ಎಂತಕ್ ಬಿಚ್ಚಿದ್ದ್? ಹೊಲ್ಗಿ ಕಂಡ್ರೆ ಅಬ್ಬಿ ನೆನ್ಪಾತ್ತ್ ಅಂತ ಹೇಳಿ ಕಳ್ಸುದ್, ಮೇಲಿಂದ ಬಿಚ್ಚುದ್!"

"ನಾನಾ? ನೆನ್ಪಾ? ಅಬ್ಬಿ ಹೇಳ್ಕೊಟ್ಟದ್ದ್ ಹೀಂಗಾ ಅಂತ ಕೇಂಡದ್ದ್ ನಾನ್! ನೀನೇ ನನ್ ಕಣ್ಣ್ ಹ್ಯಾಂಗಿತ್ತ್ ಅಂತ ವಿಚಾರ್ಸಿದ್ಯಂಬ್ರ್."

"ನಾನಾ? ಕಣ್ಣ್ ಕಾಂತಿಲ್ಯಾ ಅಂದದ್ದ್!"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಎರಡು ಮುಖಗಳು ಅಷ್ಟು ಒಂದೇ ಥರ ಇದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ನಂಗ್ ಅವತ್ತೇ ಸಂಶಯ ಇತ್ತ್" ಎಂದರು ಅಕ್ಕ. "ಇದ್ ಹುಟ್ಟಿದಲ್ಲಿಂದ ಯಾರ ಕಣ್ಣನ್ನೂ ವಿಚಾರ್ಸಿದ್ದಿಲ್ಲ."

"ಇದ್ರ ಬಾಯಂಗೆ ಒಂದ್ ಒಳ್ಳೆ ಮಾತ್ ಬಂದದ್ದ್ ನಾನೂ ಕೇಂಡದ್ದಿಲ್ಲ" ಎಂದರು ತಂಗಿ. "ಹ್ವಾಯ್ ಮಾಷ್ಟ್ರೆ, ಶಾಲಿಯಂಗೂ ಹೀಂಗೇ ಪಾಠ ಮಾಡುದಾ?"

ಸುತ್ತ ನಿಂತವರು ನಕ್ಕರು. ಕಂಡಕ್ಟರ್ ಸೀಟಿ ಊದಿದ. ಡ್ರೈವರ್ ಪೆಚ್ಚು ಮುಖ ಹಾಕಿಕೊಂಡು ಚಪ್ಪಟೆ ಗಾದಿಯ ಮೇಲೆ ಕೂತು ಬಸ್ಸು ಬಿಟ್ಟ. ತಂಗಿ ಗೋಧಡಿಯನ್ನು ಮೂಸಿ ನೋಡಿ ಮುಖ ಸಿಂಡರಿಸಿದರು. ಡೀಸೆಲು, ಬೀಡಿ, ದಿಬ್ಬಣದವರ ಸೇವಂತಿಗೆ. ಆಮೇಲೆ ಅದನ್ನು ಅಕ್ಕನ ಕೈಗೆ ತುರುಕಿ, ಬಯ್ಯುವ ದನಿಯಲ್ಲೇ ಕೇಳಿದರು:

"ಶುಕ್ರವಾರ ತೊಟ್ಲಿಗ್ ಹಾಕುದ್. ಬೇಗ ಬತ್ಯಾ, ಇಲ್ಯಾ? ಇದನ್ನ್ ತೊಳುಕ್ ನಂಗೊಬ್ಳಿಗ್ ಆತ್ತಿಲ್ಲ."

ಅಕ್ಕ ಸೀರೆಯ ಸೆರಗಿನಿಂದ ಗೋಧಡಿಯ ಮೇಲಿನ ಎಣ್ಣೆ ಕಲೆಯನ್ನು ಉಜ್ಜುತ್ತಾ ನಿಂತರು. ಅದು ಹೋಗುವ ಕಲೆಯಲ್ಲ. ಬಹಳ ಹೊತ್ತು ಉಜ್ಜಿದರು.

ಅವರು ಹೋದದ್ದು ಗುರುವಾರವೇ. ಬರಿಗೈಯಲ್ಲಿ ಅಲ್ಲ, ಮಿಷನ್ನಿನ ಸ್ಟ್ಯಾಂಡಿನ ಸಮೇತ. ಬಂದ ಹಾಗೆಯೇ ಅದು ಬಸ್ಸಿನ ಟಾಪಿನ ಮೇಲೆ ಹೋಯಿತು. ಹೇರಿಸಿದ್ದು ಅದೇ ಡ್ರೈವರ್, ಹಗ್ಗ ಬಿಗಿದದ್ದು ಅವನೇ. ಗೋಧಡಿಯನ್ನು ಅಕ್ಕ ತಂಗಿ ಬಾವಿಕಟ್ಟೆಯಲ್ಲಿ ಮೂರು ಸಲ ತೊಳೆದರಂತೆ. ತೊಳೆದ ಮೇಲೆ ಯಾರೂ ಯಾರ ಸಾಲನ್ನೂ ಬಿಚ್ಚಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಇಬ್ಬರೂ ಹೇಳುತ್ತಾರೆ. ಶುಕ್ರವಾರ ನಾನು ನೋಡಿದಾಗ ಮಗು ಅದರ ಮೇಲೆ ಮಲಗಿತ್ತು. ಕೆಳಗೆ ಟಾಕಿಗಳು ಅರ್ಧ ಈ ಕಡೆ ವಾಲಿ, ಅರ್ಧ ಆ ಕಡೆ ವಾಲಿ, ಗಾಳಿ ಎರಡು ದಿಕ್ಕಿನಿಂದ ಬೀಸಿದ ಗದ್ದೆಯ ಹಾಗಿದ್ದವು. ಕಲೆ ಕೂಡ ಇತ್ತು.

ಊಟವಾದ ಮೇಲೆ ಮಿಷನ್ನಿನ ತಲೆಯನ್ನು ಸ್ಟ್ಯಾಂಡಿಗೆ ಕೂರಿಸಿದರು. ಕುಂದಾಪುರದಿಂದ ನಾನು ಹೊಸ ಬೆಲ್ಟು ತಂದಿದ್ದೆ. ಅಕ್ಕ ಕೂತು ತುಳಿದರು. ಅಷ್ಟು ವರ್ಷ ಬರೀ ಚಕ್ರ ತಿರುಗಿಸಿ ಅಭ್ಯಾಸವಾದ ಕಾಲು, ಹಿಡಿತವೇ ಇಲ್ಲ. ಬಟ್ಟೆ ಸೂಜಿಯ ಕೆಳಗಿನಿಂದ ಓಡಿಹೋಗಿ ನೆಲಕ್ಕೆ ಬಿತ್ತು.

"ಎಂತದಕ್ಕ, ಬಸ್ ಬಿಡ್ತಿದ್ಯಾ?" ಎಂದರು ತಂಗಿ.

ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಈಗ ಮಿಷನ್ನು ಯಾರ ಮನೆಯಲ್ಲಿ ಇರುವುದು ಎಂದು ಯಾರೋ ಕೇಳಿದರು, ಕೇಳಬಾರದಿತ್ತು ಎಂದು ಅವರಿಗೆ ಆಮೇಲೆ ಹೊಳೆದಿರಬೇಕು. ಸಂಜೆ ಹೊರಡುವಾಗ ಅಕ್ಕ ಯಾರನ್ನೂ ಕೇಳದೆ ಪಾನಾ ಹಿಡಿದು ತಿರುಪು ಬಿಚ್ಚತೊಡಗಿದರು. ಸ್ಟ್ಯಾಂಡನ್ನು ಅಲ್ಲೇ ಬಿಟ್ಟು ತಲೆಯನ್ನು ಮಾತ್ರ ಸುತ್ತಿಕೊಳ್ಳಲು ಪಕ್ಕದಲ್ಲಿ ಹಳೇ ಸೀರೆ ಹರಡಿದ್ದರು. ತಂಗಿ ಸ್ಟ್ಯಾಂಡು ಹಿಡಿದು ನಿಂತರು.

"ತಲಿ ಕೊಂಡೋತ್ಯಾ?"

"ಹೌದ್. ಹೊಲೂಕ್ ಬೇಕಾದಾಗ ತಕಂಡ್ ಬತ್ತೆ. ಇಲ್ಲೇ ಜೋಡ್ಸಿಟ್ರೆ ನಂಗ್ ಬಪ್ಪುಕೆ ಎಂತ ಇತ್ತ್?"

ತಂಗಿ ಒಂದು ಕ್ಷಣ ನೋಡಿ, ಬಗ್ಗಿ, ಕೊನೆಯ ತಿರುಪನ್ನು ಎಡಗೈಯಲ್ಲಿ ತಾವೇ ಬಿಚ್ಚಿಕೊಟ್ಟರು.

ಸೋದರಮಾವ ಸಿಟ್ಟಿನಲ್ಲಿ ಮಾಡಿದ ಪಾಲನ್ನು ಅವರು ಹೀಗೆ ತಿರುಗಾಮುರುಗಾ ಮಾಡಿ ಉಳಿಸಿಕೊಂಡರು. ಮುಂದೆ ಎರಡು ವಾರಕ್ಕೊಮ್ಮೆ, ಮೂರು ವಾರಕ್ಕೊಮ್ಮೆ, ಬಿಜೂರಿನಿಂದ ಬಾರ್ಕೂರಿಗೆ ಮಿಷನ್ನಿನ ತಲೆ ಪ್ರಯಾಣ ಮಾಡುತ್ತಿತ್ತು. ಅದನ್ನು ಡ್ರೈವರನ ಪಕ್ಕ ಇಂಜಿನ್ನಿನ ಮೇಲೆ ಕೂರಿಸುತ್ತಿದ್ದರು. ಅವನಿಗೆ ಹೊಸ ಗಾದಿ ಬಂದಿತ್ತು, ನಿಜವಾಗಿ ಅವನಿಗೆಂದೇ ಹೊಲಿದದ್ದು. ಕಂಡಕ್ಟರ್ ಪ್ರತಿ ಸಲ "ತಲಿಗ್ ಅರ್ಧ ಟಿಕೇಟ್ ಮಾಡ್ಕಾ ಅಮ್ಮ?" ಎನ್ನುವುದು, ಇವರು "ಅದ್ಕ್ ನಿನಗಿಂತ ವಯಸ್ಸಾಯ್ತ್, ಫುಲ್ ಮಾಡ್" ಎನ್ನುವುದು. ನನಗೆ ಬ್ರಹ್ಮಾವರಕ್ಕೆ ವರ್ಗವಾದ ಮೇಲೂ ನಾನು ಸ್ಟಾಪಿಗೆ ಹೋಗಿ ಆ ಗಂಟನ್ನು ಇಳಿಸಿಕೊಳ್ಳುತ್ತಿದ್ದೆ. ಅವರ ಬಾಯಿಯಿಂದ ನನಗೆ ಮತ್ತೆ ಎಂದೂ ಯಾವ ಸಂದೇಶವೂ ಸಿಗಲಿಲ್ಲ. "ನಿಮ್ಮತ್ರ ಬಟ್ಟಿ ಕೊಟ್ರೆ ಕಳೀತ್ರಿ, ಮಾತ್ ಕೊಟ್ರೆ ಬದ್ಲಾಯ್ಸ್ತ್ರಿ. ತಲಿ ಹೊರಿ, ಸಾಕ್" ಎನ್ನುತ್ತಿದ್ದರು.

ಬಿಜೂರಿನ ಜಗಲಿಗೆ ಮಾಮೂಲಿ ಮೇಜು ಬಂತು. ಒಮ್ಮೆ ಹೋದಾಗ ನೋಡಿದೆ, ಮೇಜಿನ ಕೆಳಗೆ ಬರಿನೆಲದ ಮೇಲೆ ಪಾದ ಏರಿಳಿಯುತ್ತಲೇ ಇತ್ತು. ನಾನು ನೋಡಿದ್ದನ್ನು ಗಮನಿಸಿ, "ಅದ್ಕ್ ಇನ್ನೂ ಸುದ್ದಿ ಮುಟ್ಲಿಲ್ಲ" ಎಂದರು.

ಅವರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ನಾನು ಬಿಜೂರಿಗೆ ಹೋಗಿದ್ದೆ. ಗಿರಿಜಕ್ಕ ಬಡಿಸುತ್ತಿದ್ದಳು. ತಂಗಿ ಜಗಲಿಯ ಅದೇ ಜಾಗದಲ್ಲಿ ಕೂತಿದ್ದರು. ಪಕ್ಕದಲ್ಲಿ ಹಳೇ ಸೀರೆ ಸುತ್ತಿದ ಮಿಷನ್ನಿನ ತಲೆ. ಯಜಮಾನರು, "ಈಗ ಇದನ್ನ್ ನೀನೇ ಕೊಂಡೋಗ್, ಕಡೆಗಾದ್ರೂ ಜೋಡಿ ಆಯ್ಲಿ" ಎಂದರು.

ತಂಗಿ ಕೈ ಹಿಂದಕ್ಕೆ ಎಳೆದುಕೊಂಡರು, ಬಿಸಿ ಮುಟ್ಟಿದವರಂತೆ. "ಬೇಡ ಭಾವ. ತಲಿ, ಕಾಲ್ ಎರಡೂ ನನ್ನತ್ರ ಬಂದ್ರೆ ಆಮೇಲೆ ಯಾರ್ ಬತ್ರ್?" ಸುತ್ತ ನೋಡಿದರು. ನೋಟ ನನ್ನ ಮೇಲೆ ನಿಂತಿತು. "ಹ್ವಾಯ್ ಮಾಷ್ಟ್ರೆ, ನಿಮ್ಮ ಮನೆಯಂಗಿಡಿ. ಬಪ್ಪ ಶನಿವಾರ ತಕಂಡ್ ಬನ್ನಿ. ಹೆಣ್ಣಿಗ್ ಕಾಲೇಜಿಗೆ ಹೋಪುಕೆ ಚೀಲ ಹೊಲೂಕಿತ್ತ್."

ಹೆಣ್ಣು ಎಂದರೆ ಆ ತೊಟ್ಟಿಲ ಮಗು.

"ನನಗೆ ಮಿಷನ್ನು ಹೊಲಿಯಲು ಬರುವುದಿಲ್ಲವಲ್ಲ" ಎಂದೆ.

"ಹೊಲೂಕ್ ಕರ್ದದ್ದ್ ಯಾರ್? ತಪ್ಪ್ ಮಾಡಿ, ನಾನ್ ಬೈತೆ."

ಬಸ್ಸಿನಲ್ಲಿ ಇಂಜಿನ್ನಿನ ಮೇಲೆ ಈಗ ಏನೂ ಇಡುವ ಹಾಗಿಲ್ಲ. ಡ್ರೈವರೂ ಬೇರೆ ಹುಡುಗ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕುಂದಾಪುರ ದಾಟುವಾಗ ನನ್ನ ಪಾದಗಳು ತಾವಾಗಿಯೇ ತುಳಿಯತೊಡಗಿದವು ಎಂದು ಬರೆದರೆ ಎಷ್ಟು ಚಂದ. ತುಳಿಯಲಿಲ್ಲ. ಅಷ್ಟು ಭಾರಕ್ಕೆ ಎರಡು ಕಾಲಿಗೂ ಜೋಮು ಹಿಡಿದಿತ್ತು. ಬ್ರಹ್ಮಾವರದಲ್ಲಿ ಏಳಲಾಗದೆ ಒದ್ದಾಡುವಾಗ ಕಂಡಕ್ಟರ್ ಗಂಟನ್ನು ಎತ್ತಿಕೊಂಡು, "ಇದ್ರಂಗೆಂತ ಮಾರಾಯ್ರೆ ಇಷ್ಟ್ ಭಾರ? ಎಲ್ಲಿಗ್?" ಎಂದು ಕೇಳಿದ.

"ಬಾರ್ಕೂರಿಗೆ" ಎಂದೆ. "ಶನಿವಾರ."